ಎಲ್ಕ್ ಬೇಟೆಗೆ ಯಾವ ಕಾಡತೂಸು?

ಅಮೆರಿಕದ ಕೊಲರಾಡೋದಲ್ಲಿ ಎಲ್ಕ್ (ಒಂದು ಜಾತಿಯ ದೊಡ್ಡ ಜಿಂಕೆ) ಬೇಟೆಗೆ 6.5 ಕ್ರೀಡ್‌ಮೂರ್ ಎಂಬ ಹಗುರ ಕಾಡತೂಸು ಸಾಕಾ, ಹೆಚ್ಚು ಶಕ್ತಿಯ .300 ವಿನ್ ಮ್ಯಾಗ್ನಮ್ಮೇ ಬೇಕಾ ಅಂತ ಕೇಳಿದ್ದೀರಿ. ಅಲ್ಲಿನ ನಿಯಮ ಕೇಳುವುದು ಕನಿಷ್ಠ .24 ಕ್ಯಾಲಿಬರ್ (ನಳಿಕೆಯ ಒಳ ಅಗಲ, ಇಂಚಿನಲ್ಲಿ), 85 ಗ್ರೇನ್ (ಗುಂಡಿನ ತೂಕದ ಅಳತೆ) ತೂಕದ, ಬಡಿದಾಗ ಹಿಗ್ಗುವ ಗುಂಡು, 100 ಗಜದಲ್ಲಿ 1000 ಅಡಿ-ಪೌಂಡ್ ಶಕ್ತಿ. ಇದರಲ್ಲಿ ಎರಡು ಕಾಡತೂಸೂ ಪಾಸು.

ಹೊಸದಾಗಿ ಕೊಳ್ಳುವುದಾದರೆ ನನ್ನ ಮತ ಇವೆರಡಕ್ಕೂ ಅಲ್ಲ, .30-06 ಎಂಬ ಕಾಡತೂಸಿಗೆ. 180 ಗ್ರೇನ್ ಗುಂಡು ಸೆಕೆಂಡಿಗೆ ಸುಮಾರು 2700 ಅಡಿ ವೇಗದಲ್ಲಿ ಹೊರಡುತ್ತದೆ, 300 ಗಜದವರೆಗೆ ಚಿಂತೆಯಿಲ್ಲ. ಮ್ಯಾಗ್ನಮ್ ಆ ವೇಗಕ್ಕೆ ಇನ್ನೂ 250 ಅಡಿ ಸೇರಿಸುತ್ತದೆ ನಿಜ, ಆದರೆ ಭುಜಕ್ಕೆ ಗುದ್ದೂ ಜಾಸ್ತಿ. ಅದಕ್ಕೆ ಹೆದರಿ ಟ್ರಿಗರ್ ಎಳೆಯುವಾಗಲೇ ಕಣ್ಣು ಮುಚ್ಚಿದರೆ ಗುಂಡು ಹೊಟ್ಟೆಗೆ ಬೀಳುತ್ತದೆ, ಪ್ರಾಣಿ ನರಳುತ್ತಾ ಕಾಡು ಸೇರುತ್ತದೆ.

ಕಾಡತೂಸಿಗಿಂತ ಗುಂಡಿನ ರಚನೆ ಮುಖ್ಯ: ಪೂರ್ತಿ ತಾಮ್ರದ್ದು ಅಥವಾ ಬಾಂಡೆಡ್ (ಒಳಗಿನ ಸೀಸವನ್ನು ಹೊರಕವಚಕ್ಕೆ ಬೆಸೆದದ್ದು) ತಗೊಳ್ಳಿ. ಜಿಂಕೆಗೆಂದು ಮಾಡಿದ ಮೆತ್ತನೆ ಗುಂಡು ಎಲ್ಕ್‌ನ ಭುಜದ ಮೂಳೆಗೆ ಬಡಿದು ಚೂರಾಗಿ ಶ್ವಾಸಕೋಶ ಮುಟ್ಟದೇ ಹೋಗಬಹುದು. 6.5 ಈಗಾಗಲೇ ಕೈಲಿದ್ದರೆ ಮಾರಬೇಡಿ. ಇಂಥದೇ ಗುಂಡು ಹಾಕಿ, 250 ಗಜದೊಳಗೆ, ಪ್ರಾಣಿ ಅಡ್ಡಕ್ಕೆ ನಿಂತಾಗ ಮಾತ್ರ ಹೊಡೆಯಿರಿ.