ಬೆರಳಿಗೂ ಸ್ಕ್ಯಾನಿಂಗ್ ಇದೆ, ಡಾಪ್ಲರ್ ಹಾಕ್ತಾರಾ ಕೇಳಿ

ಅಮ್ಮನ ಬೆರಳಿನ ಗಂಟು ಊದಿದೆ, ಎಕ್ಸ್‌ರೇ ನಾರ್ಮಲ್, ಆದರೂ ಡಾಕ್ಟರು ಬೆರಳಿಗೆ ಅಲ್ಟ್ರಾಸೌಂಡ್ ಬರೆದಿದ್ದಾರೆ, ಇದು ದುಡ್ಡು ಕೀಳೋ ದಾರಿಯಾ ಅಂತ ಕೇಳಿದ್ದೀರಿ. ಅಡಿಕೆ ಬೆಳೆಗಾರರ ಗುಂಪಿನಲ್ಲಿ ಇದೆಲ್ಲ ಯಾಕೆ ಅಂತ ಬೈಯುವವರು ಬೈಯಲಿ, ನಾನು ಬರೆಯುತ್ತೇನೆ. ನನಗೆ ರುಮಟಾಯ್ಡ್ ಇದೆ, ಅಂದರೆ ಗಂಟು ಊದಿಸುವ ಒಂದು ಬಗೆಯ ಸಂಧಿವಾತ. ಮೊದಲ ವರ್ಷ ನಾನೂ ಎಲ್ಲ ತಪ್ಪನ್ನೂ ಅಡಿಕೆ ಸುಲಿಯುವ ಮೆಟ್ಟುಕತ್ತಿಯ ಮೇಲೆ ಹಾಕಿಕೊಂಡು ಎಣ್ಣೆ ತಿಕ್ಕುತ್ತಾ ಕೂತಿದ್ದೆ.

ಎಕ್ಸ್‌ರೇಯಲ್ಲಿ ಕಾಣುವುದು ಮುಖ್ಯವಾಗಿ ಮೂಳೆ. ಈ ಕಾಯಿಲೆ ಶುರುವಾಗುವುದು ಮೂಳೆಯಲ್ಲಲ್ಲ, ಗಂಟಿನ ಒಳಪದರದಲ್ಲಿ. ಅದು ದಪ್ಪ ಆಗುತ್ತದೆ, ನೀರು ತುಂಬುತ್ತದೆ, ಹೊಸ ರಕ್ತನಾಳ ಹುಟ್ಟುತ್ತವೆ, ಆಮೇಲೆ ನಿಧಾನಕ್ಕೆ ಮೂಳೆ ಕೊರೆಯಲು ಶುರು ಮಾಡುತ್ತದೆ. ಎಕ್ಸ್‌ರೇಗೆ ಸಿಗುವ ಹೊತ್ತಿಗೆ ತಡ ಆಗಿರುತ್ತದೆ. ಸ್ಕ್ಯಾನಿಂಗಿನಲ್ಲಿ ಪದರದ ದಪ್ಪ ಕಪ್ಪು ಬಿಳುಪಿನಲ್ಲಿ ಕಾಣುತ್ತದೆ. ಪವರ್ ಡಾಪ್ಲರ್ ಹಾಕಿದರೆ ರಕ್ತ ಹರಿಯುವ ಕಡೆ ಕೆಂಪು ಚುಕ್ಕೆ ಬರುತ್ತದೆ. ಅದಕ್ಕೆ 0 ಯಿಂದ 3 ರವರೆಗೆ ಅಂಕ. 3 ಅಂದರೆ ಊದಿದ ಪದರದ ಅರ್ಧಕ್ಕಿಂತ ಜಾಸ್ತಿ ಜಾಗದಲ್ಲಿ ಬಣ್ಣ, ಅಂದರೆ ಒಳಗೆ ಬೆಂಕಿ ಚೆನ್ನಾಗೇ ಉರೀತಾ ಇದೆ ಅಂತ.

ಹೋಗುವ ಮೊದಲು ಫೋನ್ ಮಾಡಿ, ಬೆರಳಿನ ಕೀಲು ನೋಡಿ ಅಭ್ಯಾಸ ಇರುವವರು ಇದ್ದಾರಾ, ಡಾಪ್ಲರ್ ಹಾಕುತ್ತಾರಾ ಕೇಳಿ. ಪ್ರೋಬ್ ಅಂದರೆ ಮೈಮೇಲೆ ಇಟ್ಟು ನೋಡುವ ಹಿಡಿ; ಹೊಟ್ಟೆಗೆ ಇಡುವ ಪ್ರೋಬ್ ಇಲ್ಲಿ ನಡೆಯುವುದಿಲ್ಲ. 10 ಮೆಗಾಹರ್ಟ್ಸ್‌ಗಿಂತ ಮೇಲಿನ ಲೀನಿಯರ್ ಪ್ರೋಬ್ ಬೇಕು, 15–18 ಇದ್ದರೆ ಇನ್ನೂ ಒಳ್ಳೆಯದು. ನನ್ನ ಮೊದಲ ಸ್ಕ್ಯಾನ್ ಮಾಡಿದವರು ಪ್ರೋಬನ್ನು ಗಟ್ಟಿಯಾಗಿ ಒತ್ತಿ ನೋಡಿ ನಾರ್ಮಲ್ ಅಂದರು. ಒತ್ತಿದರೆ ಆ ಸಣ್ಣ ನಾಳ ಮುಚ್ಚಿ ಬಣ್ಣವೇ ಬರುವುದಿಲ್ಲ! ಎರಡು ವಾರದ ಮೇಲೆ ಬೇರೆ ಕಡೆ ರಾಶಿ ಜೆಲ್ ಹಾಕಿ, ಮುಟ್ಟಿಯೂ ಮುಟ್ಟದ ಹಾಗೆ ಇಟ್ಟರು, ಅದೇ ಗಂಟಿನಲ್ಲಿ ಡಾಪ್ಲರ್ ಅಂಕ 2 ಬಂತು. ಕೈ ತಣ್ಣಗಿದ್ದರೂ ಬಣ್ಣ ಕಡಿಮೆ, ಬೆಚ್ಚಗೆ ಮಾಡಿಕೊಂಡು ಹೋಗಲಿ. ನೋವಿನ ಮಾತ್ರೆ, ಸ್ಟೀರಾಯ್ಡ್ ತಗೊಂಡಿದ್ದರೆ ಬಾವು ಅಡಗಿರಬಹುದು, ಅದನ್ನು ಹೇಳಿ, ಆದರೆ ಸ್ಕ್ಯಾನಿಗೋಸ್ಕರ ನೀವೇ ನಿಲ್ಲಿಸಬೇಡಿ.

ಎರಡೂ ಕೈ ನೋಡಲಿ: ಮಣಿಕಟ್ಟು, ಬೆರಳಿನ ಬುಡದ ಗಂಟು, ನಡು ಗಂಟು. ಉಗುರಿನ ಹತ್ತಿರದ ತುದಿ ಗಂಟು ಮಾತ್ರ ದಪ್ಪ ಆಗಿದ್ದರೆ ಅದು ಹೆಚ್ಚಾಗಿ ವಯಸ್ಸಿನ ಸವೆತ, ಬೇರೆ ಕಥೆ. ಮತ್ತೆ, ಕಪ್ಪು ಬಿಳುಪಿನಲ್ಲಿ ಕಾಣುವ ದಪ್ಪಕ್ಕೂ ಹೀಗೇ ಅಂಕ ಕೊಡುತ್ತಾರೆ; ಅದು 1 ಅಂತ ಬಂದರೆ ಗಾಬರಿ ಬೇಡ, ಕಾಯಿಲೆ ಇಲ್ಲದವರಲ್ಲೂ ಅಷ್ಟು ಕಾಣುತ್ತದೆ.

ಹಾಗಂತ ಪ್ರತಿ ಸಲ ಮಾಡಿಸಬೇಕಿಲ್ಲ. ನಾರ್ವೆಯಲ್ಲಿ ಆರ್ಕ್ಟಿಕ್ ಅಂತ ಒಂದು ಅಧ್ಯಯನ ಆಯಿತು, 2016ರಲ್ಲಿ ಫಲಿತಾಂಶ ಬಂತು. ಪ್ರತಿ ಭೇಟಿಗೂ ಸ್ಕ್ಯಾನ್ ನೋಡಿ ಔಷಧಿ ಬದಲಿಸಿದವರಿಗೂ, ಡಾಕ್ಟರು ಕೈ ಮುಟ್ಟಿ ನೋಡಿ, ರಕ್ತ ಪರೀಕ್ಷೆ ನೋಡಿ ಬದಲಿಸಿದವರಿಗೂ ಅಂಥ ವ್ಯತ್ಯಾಸ ಕಾಣಲಿಲ್ಲ. ನಿಮ್ಮ ಅಮ್ಮನ ಹಾಗೆ ಇದು ಹೌದೋ ಅಲ್ಲವೋ ಅನ್ನುವ ಹಂತದಲ್ಲಿ ಮಾತ್ರ ಖರ್ಚು ದಂಡ ಅಲ್ಲ. ಆಂಟಿ-ಸಿಸಿಪಿ ಅನ್ನುವ, ರುಮಟಾಯ್ಡ್ ಪತ್ತೆಗೆ ಮಾಡುವ ರಕ್ತ ಪರೀಕ್ಷೆ ಆಗಿಲ್ಲದಿದ್ದರೆ ಅದನ್ನೂ ಕೇಳಿ.

ಉಂಗುರ ಇದ್ದರೆ ಇವತ್ತೇ ತೆಗೆಸಿಡಿ. ನನ್ನದನ್ನು ಕೊನೆಗೆ ಕತ್ತರಿಸಿಯೇ ತೆಗೆದದ್ದು.