ಕಥೆ ಓದುವಾಗ ಮೂರನೇ ತರಗತಿ ಮಕ್ಕಳು ಐದೇ ನಿಮಿಷಕ್ಕೆ ಗಲಾಟೆ ಮಾಡಿದರೆ

ಬಹುಶಃ ನೀವು ಪುಸ್ತಕವನ್ನು ಮಕ್ಕಳೆದುರೇ ಮೊದಲ ಸಲ ಓದುತ್ತಿದ್ದೀರಿ. ಕಣ್ಣು ಸಾಲಿಗೇ ಅಂಟಿಕೊಂಡರೆ ದನಿ ಏರಿಳಿಯುವುದಿಲ್ಲ. ನಿಮಗೇ ರುಚಿಸದ ಕಥೆಯಾದರಂತೂ ಮಕ್ಕಳಿಗೆ ತಕ್ಷಣ ಗೊತ್ತಾಗುತ್ತದೆ. ಮಕ್ಕಳ ಕಥೆಗಳ ಜಾಲತಾಣ ಸ್ಟೋರಿವೀವರ್‌ನಲ್ಲಿ ಕನ್ನಡ ಪುಸ್ತಕಗಳು ಉಚಿತ. ಅಲ್ಲಿ ಓದಿನ ಕಷ್ಟಕ್ಕೆ ತಕ್ಕಂತೆ ಹಂತಗಳಿವೆ; ಎರಡನೇ ಹಂತದವುಗಳಲ್ಲಿ ನಿಮಗೆ ಇಷ್ಟವಾದದ್ದನ್ನೇ ಆರಿಸಿ ಮುದ್ರಿಸಿಕೊಳ್ಳಿ. ಹಿಂದಿನ ದಿನ ಎರಡು ಸಲ ಗಟ್ಟಿಯಾಗಿ ಓದಿ, ನಿಲ್ಲಿಸಬೇಕಾದ ಎರಡು ಕಡೆ ಪೆನ್ಸಿಲ್ ಗುರುತು ಹಾಕಿ. ಮಕ್ಕಳನ್ನು ಬೆಂಚಿನಿಂದ ಇಳಿಸಿ ಹತ್ತಿರ ಕೂರಿಸಿ, ಚಿತ್ರ ಅವರತ್ತ ತಿರುಗಿಸಿ ಹಿಡಿಯಿರಿ. ಗುರುತು ಬಂದಾಗ ‘ಮುಂದೇನಾಗಬಹುದು?’ ಅಂತಷ್ಟೇ ಕೇಳಿ. ಪದಗಳ ಅರ್ಥ, ಕಥೆಯ ನೀತಿ ಹೇಳುವುದು ಬೇಡವೇ ಬೇಡ. ಹೇಳಿದರೆ ಕಥೆಯೂ ಇನ್ನೊಂದು ಪಾಠವಾಗಿಬಿಡುತ್ತದೆ. ಹತ್ತು ನಿಮಿಷಕ್ಕೆ ಮುಗಿಸಿ, ಪುಸ್ತಕ ಅವರ ಕೈಗೆಟಕುವಲ್ಲಿ ಇಡಿ. ಕನ್ನಡ ಮನೆಮಾತಲ್ಲದ ಮಕ್ಕಳೇ ಹೆಚ್ಚಿದ್ದರೆ ಕಾರಣ ಬೇರೆಯೂ ಇರಬಹುದು. ಆಗ ಮೊದಲ ಹಂತದ ಪುಸ್ತಕದಿಂದ ಶುರುಮಾಡಿ.