ಪೆಂಗ್ವಿನ್ ಹತ್ತಿರವೇ ಬರುತ್ತೆ, ದೊಡ್ಡ ಲೆನ್ಸ್ ಯಾಕೆ?

ಪ್ರಶ್ನೆ: ನಾವು ಗಂಡ ಹೆಂಡತಿ ಇಬ್ಬರೂ ನಿವೃತ್ತರು. ಬರುವ ಜನವರಿಯಲ್ಲಿ ಹಡಗಿನಲ್ಲಿ ಅಂಟಾರ್ಕ್ಟಿಕಾಗೆ ಹೊರಟಿದ್ದೇವೆ. ನನ್ನ ಹತ್ತಿರ ಹಳೆಯ ಡಿಎಸ್‌ಎಲ್‌ಆರ್ ಮತ್ತು 18-55 ಲೆನ್ಸ್ ಇದೆ. ಮಗ 150-600 ಲೆನ್ಸ್ ಕೊಡಿಸುತ್ತೇನೆ ಅನ್ನುತ್ತಾನೆ. ತೆಗೆದುಕೊಳ್ಳಬಹುದೇ? ಚಳಿಗೆ ಕ್ಯಾಮೆರಾ ಕೆಡುವುದಿಲ್ಲವೇ?
– ಓದುಗರು, ಡೊಂಬಿವಲಿ

ಉತ್ತರ: ಮಗನ ಪ್ರೀತಿ ದೊಡ್ಡದು. ಆದರೆ ದೂರದ್ದನ್ನು ಹತ್ತಿರ ತೋರಿಸುವ ಆ ದೊಡ್ಡ ಲೆನ್ಸ್ ಬೇಡ. ಅದೊಂದೇ ಸುಮಾರು 2 ಕಿಲೋ ತೂಗುತ್ತದೆ. ಹಡಗಿನಿಂದ ದಡಕ್ಕೆ ಹೋಗುವುದು ಜೋಡಿಯಾಕ್ ಎಂಬ ರಬ್ಬರ್ ದೋಣಿಯಲ್ಲಿ. ಅಲೆ ಎತ್ತಿ ಹಾಕುತ್ತದೆ, ಉಪ್ಪುನೀರು ಸಿಡಿಯುತ್ತದೆ. ಈಗ ಹಕ್ಕಿಜ್ವರದ ಭಯ ಇರುವುದರಿಂದ, ಪ್ರಾಣಿಗಳು ಓಡಾಡುವ ಕಡೆ ನೆಲದ ಮೇಲೆ ಕೂರುವಂತಿಲ್ಲ, ಬ್ಯಾಗ್ ಇಡುವಂತಿಲ್ಲ. ಒಯ್ದದ್ದೆಲ್ಲ ಹೊತ್ತೇ ಇರಬೇಕು. ಪೆಂಗ್ವಿನ್‌ನಿಂದ ನಾವು 5 ಮೀಟರ್ ದೂರ ಇರಬೇಕು ಅನ್ನುವುದು ನಿಯಮ. ಸುಮ್ನೆ ನಿಂತರೆ ಅದೇ ಹತ್ತಿರ ಬರುತ್ತದೆ!

ಆ ದುಡ್ಡಿನಲ್ಲಿ ಒಂದು 70-300 ಲೆನ್ಸ್ ಮತ್ತು ಸೆಕೆಂಡ್ ಹ್ಯಾಂಡ್ ಬಾಡಿ (ಲೆನ್ಸ್ ಇಲ್ಲದ ಕ್ಯಾಮೆರಾ) ನೋಡಿ. ಮುಂಬೈನ ಸಿಎಸ್‌ಎಂಟಿ ನಿಲ್ದಾಣದಲ್ಲಿ ಇಳಿದು ಬೋರಾ ಬಜಾರ್‌ಗೆ ಹೋದರೆ ಕ್ಯಾಮೆರಾ ಅಂಗಡಿಗಳು ಸಾಲಾಗಿವೆ. ಎರಡನೇ ಬಾಡಿ ಯಾಕೆ ಅಂದರೆ, ಆ ಗಾಳಿಯಲ್ಲಿ ಲೆನ್ಸ್ ಬದಲಾಯಿಸಲು ಹೋದರೆ ಒಳಗೆ ಹಿಮ, ತುಂತುರು ಸೇರುತ್ತದೆ. ಒಂದರಲ್ಲಿ 18-55, ಇನ್ನೊಂದರಲ್ಲಿ 70-300 ಹಾಕಿಯೇ ಇಟ್ಟಿರಿ. ಒಂದು ನಿಮ್ಮ ಕೊರಳಲ್ಲಿ, ಇನ್ನೊಂದು ಮನೆಯವರ ಕೊರಳಲ್ಲಿ. ಒಂದು ಕೈಕೊಟ್ಟರೂ ಇನ್ನೊಂದು ಇರುತ್ತದೆ. ಹಡಗು ಅರ್ಜೆಂಟೀನಾದ ಉಶುಆಯಾ ಬಂದರು ಬಿಟ್ಟ ಮೇಲೆ ರಿಪೇರಿ ಅಂಗಡಿ ಎಲ್ಲಿಂದ ತರುತ್ತೀರಿ?

ಚಳಿಗೆ ಹೆದರಬೇಡಿ. ಬೇಸಿಗೆಯಲ್ಲಿ ಅಲ್ಲಿನ ಕರಾವಳಿಯಲ್ಲಿ ಸೊನ್ನೆ ಡಿಗ್ರಿಯ ಆಚೀಚೆ ಇರುತ್ತದೆ, ಕ್ಯಾಮೆರಾ ತಡೆಯುತ್ತದೆ. ಬ್ಯಾಟರಿ ಮಾತ್ರ ಬೇಗ ಸೋಲುತ್ತದೆ. ಮೂರು ನಾಲ್ಕು ಜಾಸ್ತಿ ಇರಲಿ, ಒಳಜೇಬಿನಲ್ಲಿ ಮೈಗೆ ತಾಗಿಸಿ ಇಟ್ಟುಕೊಳ್ಳಿ. ಖಾಲಿಯಾಯಿತು ಅಂತ ತೋರಿಸಿದ್ದು ಬೆಚ್ಚಗಾದ ಮೇಲೆ ಇನ್ನಷ್ಟು ಫೋಟೋ ಕೊಡುತ್ತದೆ. ವಿಮಾನದಲ್ಲಿ ಇವು ಕೈಚೀಲದಲ್ಲೇ ಇರಬೇಕು.

ನಿಜವಾದ ಶತ್ರು ಒಳಗಿನ ಬಿಸಿ. ಎಸಿ ಕೋಣೆಯಿಂದ ಜುಲೈ ತಿಂಗಳ ಮುಂಬೈ ಬೀದಿಗೆ ಬಂದಾಗ ಕನ್ನಡಕ ಮಂಜಾಗುತ್ತದೆ ಅಲ್ವಾ, ಅಲ್ಲಿ ಅದು ತಿರುಗುಮುರುಗು. ಹೊರಗೆ ತಣ್ಣಗಾದ ಕ್ಯಾಮೆರಾಗೆ ಒಳಗಿನ ಬಿಸಿಗಾಳಿಯ ತೇವ ಅಂಟುತ್ತದೆ. ನಾನು ಮೊದಲ ದಿನ ಫೋಟೋ ನೋಡುವ ಆಸೆಗೆ ನೇರ ಊಟದ ಹಾಲ್‌ಗೆ ಓಡಿದೆ. ಲೆನ್ಸ್ ಪೂರ್ತಿ ಮಂಜು. ಅಷ್ಟರಲ್ಲೇ ತಿಮಿಂಗಿಲ ಕಾಣಿಸಿದೆ ಅಂತ ಮೈಕಿನಲ್ಲಿ ಕೂಗಿದರು. ಒರೆಸಿದೆ, ಮತ್ತೆ ಮಂಜು. ಡೆಕ್ಕಿಗೆ ಹೋಗುವಷ್ಟರಲ್ಲಿ ನೀರು ಬಿಟ್ಟು ಬೇರೇನೂ ಇರಲಿಲ್ಲ. ಇವತ್ತಿಗೂ ನೆನೆದರೆ ಹೊಟ್ಟೆ ಉರಿಯುತ್ತದೆ. ನೀವು ಹೊರಗಿರುವಾಗಲೇ ಕ್ಯಾಮೆರಾವನ್ನು ಜಿಪ್‌ಲಾಕ್ ಚೀಲಕ್ಕೆ ಹಾಕಿ ಮುಚ್ಚಿ. ಕ್ಯಾಬಿನ್‌ಗೆ ಬಂದ ಮೇಲೆ ಎರಡು ಗಂಟೆ ಬಿಚ್ಚಬೇಡಿ. ಮೆಮೊರಿ ಕಾರ್ಡ್ ಬೇಕಿದ್ದರೆ ಚೀಲಕ್ಕೆ ಹಾಕುವ ಮೊದಲೇ ತೆಗೆದುಕೊಳ್ಳಿ.

ಹಿಮವನ್ನು ಕ್ಯಾಮೆರಾ ಬೂದಿ ಬಣ್ಣ ಮಾಡುತ್ತದೆ. ಎಕ್ಸ್‌ಪೋಷರ್, ಅಂದರೆ ಫೋಟೋಗೆ ಬೀಳುವ ಬೆಳಕನ್ನು ಪ್ಲಸ್ 1ಕ್ಕೆ ಏರಿಸಿ ನೋಡಿ.

ಇನ್ನು ಅಭ್ಯಾಸ. ಡಿಸೆಂಬರ್‌ನಲ್ಲಿ ಮುಂಬೈನ ಗೇಟ್‌ವೇಯಿಂದ ಮಾಂಡವಾಗೆ ಹೋಗುವ ಫೆರಿ ಹತ್ತಿ. ಕಡಲಕಾಗೆಗಳು ದೋಣಿಯ ಪಕ್ಕದಲ್ಲೇ ಹಾರಿ ಬರುತ್ತವೆ. ಷಟರ್ ವೇಗ 1/1000 ಸೆಕೆಂಡಿಗಿಟ್ಟು, ಕೈಗವಸು ಹಾಕಿಕೊಂಡೇ ತೆಗೆಯಿರಿ. ಸೆಕೆಯಲ್ಲಿ ಪಕ್ಕದವರು ನೋಡುತ್ತಾರೆ, ನೋಡಲಿ ಬಿಡಿ. ಗವಸಿನ ಬೆರಳಿಗೆ ಬಟನ್ ಗೊತ್ತಾಗುವುದು ಮುಖ್ಯ. ನಾಲ್ಕು ಸಲ ಹೋಗಿ ಬನ್ನಿ.

ಪ್ರಶ್ನೆ: ಅಂಟಾರ್ಕ್ಟಿಕಾ ಪ್ರವಾಸಕ್ಕೆ ನನ್ನ ಡ್ರೋನ್ ಒಯ್ಯಬಹುದೇ?
– ಓದುಗರು, ಪುಣೆ

ಉತ್ತರ: ಬೇಡ. ಅಂಟಾರ್ಕ್ಟಿಕಾ ಪ್ರವಾಸ ಸಂಸ್ಥೆಗಳ ಒಕ್ಕೂಟವಾದ ಐಎಎಟಿಒ, ಕರಾವಳಿಯಲ್ಲಿ ಪ್ರವಾಸಿಗರು ಮೋಜಿಗಾಗಿ ಡ್ರೋನ್ ಹಾರಿಸಲು ಬಿಡುವುದಿಲ್ಲ. ಅಲ್ಲಿ ಹಕ್ಕಿಗಳು ಮರಿ ಸಾಕುವ ಕಾಲ ಅದು. ಎತ್ತರದಿಂದ ಬೇಕಿದ್ದರೆ ಹಡಗಿನ ಮೇಲಿನ ಡೆಕ್ ಇದೆ, ಬೆಳಿಗ್ಗೆ ಐದಕ್ಕೇ ಎದ್ದು ಹೋಗಿ. ಅಷ್ಟು ಹೊತ್ತಿಗೆ ಚೆನ್ನಾಗಿ ಬೆಳಕಿರುತ್ತದೆ, ಜನ ಇರುವುದಿಲ್ಲ.